ನೆಲ ನಿಜವಾಗ್ಲೂ ಡೊಂಕಾಗಿದ್ರೆ?

ಬಹಳ ದಿನ ಆಯ್ತು ಇಲ್ಲಿ ಏನಾದ್ರೂ ಬರೆದು. ವಿಷಯ ಇರಲಿಲ್ಲ ಅಂತಲ್ಲ. ಆಫೀಸು, ಟ್ರಾಫಿಕ್ಕು, ಅದು ಇದು... ನಿಮಗೆಲ್ಲ ಗೊತ್ತಿರೋದೇ. ಇವತ್ತು ಹಟಕ್ಕೆ ಬಿದ್ದು ಕೂತಿದ್ದಕ್ಕೆ ಎರಡು ಕಾರಣ. ಒಂದು, ಕಳೆದ ತಿಂಗಳು ಆಫೀಸಿನಲ್ಲಿ ನಡೆದ ಒಂದು ದಿನದ ಟ್ರೈನಿಂಗು. ಇನ್ನೊಂದು, ನಮ್ಮಮ್ಮ ಹಳೇ ಕ್ಯಾಲೆಂಡರ್ ಹಾಳೆಗಳ ಹಿಂದೆ ಬರೆದಿಟ್ಟಿದ್ದ ಒಂದಷ್ಟು ಸಾಲುಗಳು. ಎರಡಕ್ಕೂ ಏನು ಸಂಬಂಧ ಅಂತ ಮುಂದೆ ಹೇಳ್ತೀನಿ.

ಟ್ರೈನಿಂಗಿನ ವಿಷಯ ಮೊದಲು ಮುಗಿಸಿಬಿಡ್ತೀನಿ, ಅದು ಚಿಕ್ಕದು. ಬಂದಿದ್ದ ಮಹಾಶಯರು ಚೆನ್ನಾಗೇ ಮಾತಾಡಿದರು. ದೊಡ್ಡ ಪರದೆಯ ಮೇಲೆ ಬೆಟ್ಟ ಹತ್ತುತ್ತಿರೋ ಒಬ್ಬನ ಚಿತ್ರ. ಅದರ ಕೆಳಗೆ, ಕಷ್ಟ ಅನ್ನೋದು ಹೊರಗಿಲ್ಲ, ಅದು ನಿಮ್ಮ ಮೈಂಡ್‌ಸೆಟ್‌ನಲ್ಲಿದೆ ಅನ್ನೋ ಅರ್ಥದ ಒಂದು ಇಂಗ್ಲಿಷ್ ಸಾಲು. ಚಪ್ಪಾಳೆ. ಪಕ್ಕದಲ್ಲಿ ಕೂತಿದ್ದ ನಮ್ಮ ಟೀಮಿನ ಹಿರಿಯರೊಬ್ಬರು ನನ್ನ ಕಿವಿಯಲ್ಲಿ, "ನಮ್ಮ ಅಜ್ಜಿ ಇದನ್ನೇ ಪುಕ್ಕಟೆ ಹೇಳ್ತಿದ್ರು ಮಾರಾಯ, ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಅಂದರು. ನಕ್ಕೆ.

ಆದರೆ ಗಾದೆ ತಲೆಯಲ್ಲೇ ಉಳಿದುಬಿಡ್ತು. ಸಂಜೆ ರಿಂಗ್ ರೋಡಲ್ಲಿ ಕತ್ರಿಗುಪ್ಪೆ ಸಿಗ್ನಲ್ಲಿಗೆ ಬರೋ ಹೊತ್ತಿಗೆ ಒಂದೂಕಾಲು ಗಂಟೆ ಆಗಿತ್ತು. ಅಲ್ಲಿ ನಿಂತು ಯೋಚನೆ ಮಾಡ್ತಾ ಇದ್ದೆ. ಈ ಗಾದೆಯಲ್ಲಿ ಯಾರೂ ನೆಲ ನೋಡೋಕೆ ಹೋಗಲಿಲ್ಲವಲ್ಲ! ಅವಳು ಡೊಂಕು ಅಂದಳು, ಎಲ್ಲರೂ ಅವಳ ಕಾಲು ನೋಡಿ ನಕ್ಕರು. ಒಬ್ಬನಾದರೂ ಬಗ್ಗಿ, ಒಂದು ರಸಮಟ್ಟ ಇಟ್ಟು, ನೆಲ ಸಮ ಇದೆಯಾ ಇಲ್ಲವಾ ಅಂತ ನೋಡಿದನಾ? ನೆಲ ನಿಜವಾಗ್ಲೂ ಡೊಂಕಾಗಿದ್ದಿದ್ರೆ?

ನಾನಿರೋ ಇಟ್ಟಮಡುವಿನ ಬಗ್ಗೆ ಒಂದು ಮಾತು. ಮಡು ಅಂದರೆ ನೀರು ಆಳವಾಗಿ ನಿಲ್ಲೋ ಜಾಗ. ಈಗ ನಮ್ಮ ಬೀದಿಯಲ್ಲಿ ಮಡು ಅಂತ ಏನಾದರೂ ಇದ್ದರೆ ಅದು ಮಳೆ ಬಂದಾಗ ರಸ್ತೆ ಗುಂಡಿಗಳಲ್ಲಿ ಮಾತ್ರ. :-) ನಾವಿರೋ ಬಾಡಿಗೆ ಮನೆ ಒಂದು ಏರಿನ ಮೇಲಿದೆ. ಹಾಲು ತರೋಕೆ ಹೋಗುವಾಗ ಇಳಿಜಾರು, ಬರುವಾಗ ಏರು. ನಮ್ಮಮ್ಮನ ಮಂಡಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ನನ್ನ ಮನಸ್ಸು ಎಷ್ಟೇ ಉಲ್ಲಾಸವಾಗಿದ್ದರೂ ಬೀದಿ ಒಂದು ಇಂಚೂ ತಗ್ಗೋದಿಲ್ಲ.

ಏರಿನ ವಿಷಯ ಬಂತಲ್ಲ, ನಲ್ಲಿ ನೀರಿನ ಕಥೆ ನೋಡಿ. ಕಾವೇರಿ ನೀರು ಬೆಂಗಳೂರಿಗೆ ಬರೋದು ತೊರೆಕಾಡನಹಳ್ಳಿ ಕಡೆಯಿಂದ, ಸುಮಾರು 100 ಕಿಲೋಮೀಟರ್ ದೂರ. ದೂರಕ್ಕಿಂತ ದೊಡ್ಡ ತಕರಾರು ಎತ್ತರದ್ದು. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ನದಿ ಕೆಳಗಿದೆ. ನೀರನ್ನ ಹತ್ತಿರ ಹತ್ತಿರ 500 ಮೀಟರ್ ಮೇಲಕ್ಕೆತ್ತಬೇಕು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಹಂತದಲ್ಲಿ ಪಂಪು ಕೂರಿಸಿ ಎತ್ತುತ್ತಾರೆ. ಮೊದಲ ಹಂತದ ನೀರು 1974ರಲ್ಲಿ ಬಂತು. ಆ ಎಂಜಿನಿಯರುಗಳು ನದಿ ದಡದಲ್ಲಿ ನಿಂತು ನೀರಿಗೆ ಪ್ರವಚನ ಕೊಡಲಿಲ್ಲ. ನೆಲ ಎಷ್ಟು ಡೊಂಕು ಅಂತ ಅಳೆದರು, ಅದಕ್ಕೆ ತಕ್ಕ ಪಂಪು ತಂದರು.

ಇಷ್ಟಕ್ಕೇ ವಾದ ಮುಗೀತು ಅಂತ ನಾನು ಅಂದುಕೊಂಡರೆ ಟ್ರೈನಿಂಗಿನವರು ನಗ್ತಾರೆ. "ನೀರಿನ ಕಥೆ ಬೇರೆ, ಮನುಷ್ಯರ ಕಥೆ ಬೇರೆ. ಕಲಿಯೋ ವಿಷಯದಲ್ಲಿ ಕಷ್ಟ ಅನ್ನೋದು ಮನಸ್ಸಿನದೇ" ಅಂತಾರೆ. ಸರಿ, ಕಲಿಯೋ ವಿಷಯಕ್ಕೇ ಬರೋಣ.

ನಮ್ಮ ಟೀಮಿನಲ್ಲಿ ಇಬ್ಬರು ಕನ್ನಡ ಕಲೀತೀನಿ ಅಂತ ಒಟ್ಟಿಗೆ ಶುರು ಮಾಡಿದರು. ಒಬ್ಬ ಆಂಧ್ರದವನು, ಇನ್ನೊಬ್ಬಳು ಉತ್ತರ ಪ್ರದೇಶದವಳು. ಆಂಧ್ರದವನು ಒಂದು ವಾರಕ್ಕೆ ಬಸ್ಸಿನ ಬೋರ್ಡು ಓದಿದ. ಮೂರು ತಿಂಗಳಿಗೆ ಆಟೋದವರ ಹತ್ತಿರ ಜಗಳ ಆಡೋ ಮಟ್ಟಕ್ಕೆ ಬಂದ! ಅವಳು ಮಾತ್ರ "ನಾಳೆ ಬರ್ತೀನಿ", "ನಿನ್ನೆ ಬಂದೆ"ಗಳಲ್ಲೇ ತಡವರಿಸ್ತಾ ಇದ್ದಳು. ಆಗ ನಾನು ಏನು ಹೇಳಿದೆ ಗೊತ್ತಾ? "ಮನಸ್ಸು ಮಾಡಿದ್ರೆ ಬರುತ್ತೆ, ನೋಡು ಅವನಿಗೆ ಬರಲಿಲ್ವಾ?" ಅಂದೆ. ಈಗ ನೆನಸಿಕೊಂಡರೆ ನಾಚಿಕೆಯಾಗುತ್ತೆ. ತೆಲುಗು ಲಿಪಿ, ಕನ್ನಡ ಲಿಪಿ ಎರಡೂ ಒಂದೇ ಬೇರಿನವು. ಅವನಿಗೆ ಅರ್ಧ ದಾರಿ ಅವರ ಊರಿನ ಒಂದನೇ ಕ್ಲಾಸಿನ ಮೇಷ್ಟರೇ ನಡೆಸಿಬಿಟ್ಟಿದ್ದರು. ವಾಕ್ಯದ ಕಟ್ಟು, ವಿಭಕ್ತಿ, ಕ್ರಿಯಾಪದ ತಿರುಗೋ ಬಗೆ ಎಲ್ಲ ಮನೆಯಿಂದಲೇ ತಂದಿದ್ದ. ಅವಳು ಎಲ್ಲವನ್ನೂ ಹೊಸದಾಗಿ ಕಟ್ಟಿಕೊಳ್ಳಬೇಕಿತ್ತು. ಅವಳ ನೆಲ ಏರಿತ್ತು, ಅವನದು ಇಳಿಜಾರು. ಇಬ್ಬರ ಮನಸ್ಸೂ ಅಷ್ಟಕ್ಕಷ್ಟೇ ಇತ್ತು. ಅವನೇನು ವಿಶೇಷ ಉತ್ಸಾಹಿ ಅಲ್ಲ, ಕ್ಲಾಸಿಗೂ ಸರಿಯಾಗಿ ಬರ್ತಿರಲಿಲ್ಲ.

ಇದನ್ನ ಅಳೆದವರೂ ಇದ್ದಾರೆ. ಅಮೆರಿಕದ ವಿದೇಶಾಂಗ ಇಲಾಖೆಗೆ ಒಂದು ಭಾಷಾ ಶಾಲೆ ಇದೆ, ರಾಯಭಾರಿ ಕಚೇರಿಗಳಿಗೆ ಹೋಗೋರಿಗೆ ಭಾಷೆ ಕಲಿಸೋಕೆ. ಇಂಗ್ಲಿಷ್ ಮಾತಾಡೋರಿಗೆ ಯಾವ ಭಾಷೆಗೆ ಎಷ್ಟು ಹೊತ್ತು ಬೇಕು ಅಂತ ಅವರು ವರ್ಷಗಳ ಅನುಭವದಿಂದ ಪಟ್ಟಿ ಮಾಡಿದ್ದಾರೆ. ಸ್ಪ್ಯಾನಿಶ್ ಥರದ ಭಾಷೆಗೆ 600ರಿಂದ 750 ಗಂಟೆ ಪಾಠ. ನಮ್ಮ ಪಕ್ಕದ ತೆಲುಗು, ತಮಿಳಿಗೆ ಸುಮಾರು 1100 ಗಂಟೆ. ಜಪಾನಿ, ಚೀನಿ, ಅರಬ್ಬಿಗೆ 2200. ಯೋಚನೆ ಮಾಡಿ, ಕಲಿಯೋರು ಆರಿಸಿ ತಂದ ಜನ. ಸಂಬಳ ತಗೊಂಡು ಕಲೀತಾರೆ, ಕಲಿಯದಿದ್ದರೆ ಕೆಲಸಕ್ಕೇ ತೊಂದರೆ. ಮನಸ್ಥಿತಿ ಅಂತೀರಲ್ಲ, ಅದು ಎಲ್ಲರಿಗೂ ಹೆಚ್ಚು ಕಡಿಮೆ ಒಂದೇ. ಆದರೂ ಒಂದಕ್ಕೆ ಇನ್ನೊಂದರ ಮೂರರಷ್ಟು ಹೊತ್ತು. ಹಾಗಂತ ಜಪಾನಿ ಭಾಷೆಯೇ ಕಷ್ಟ ಅಂತ ಅರ್ಥ ಅಲ್ಲ, ಟೋಕಿಯೋದ ಮೂರು ವರ್ಷದ ಮಗು ಅರಳು ಹುರಿದ ಹಾಗೆ ಮಾತಾಡುತ್ತೆ. ನಾವು ನಿಂತ ಜಾಗಕ್ಕೂ ಹೋಗಬೇಕಾದ ಜಾಗಕ್ಕೂ ನಡುವೆ ಇರೋ ದಾರಿ ಅದು. ಆದರೆ ದಾರಿ ನಿಜ, ಉದ್ದವೂ ನಿಜ.

ಈಗ ಅಮ್ಮನ ವಿಷಯ. ಬರೆಯೋಕೆ ಹೊರಟಿದ್ದೇ ಇದನ್ನ.

ನಮ್ಮಮ್ಮ ತಿಪಟೂರು ಕಡೆಯವರು, ಎಸ್‌ಎಸ್‌ಎಲ್‌ಸಿವರೆಗೆ ಓದಿದ್ದಾರೆ. ಕನ್ನಡ ಮೀಡಿಯಮ್ಮು, ಅಕ್ಷರ ಮುತ್ತಿನ ಹಾಗೆ. ಎರಡು ವರ್ಷದಿಂದ ನನ್ನ ಜೊತೆ ಇಟ್ಟಮಡುವಿನಲ್ಲಿದ್ದಾರೆ. ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ, ಅರಸೀಕೆರೆಯಲ್ಲಿ. ಅಕ್ಕ ತಂಗಿ ಇಬ್ಬರೂ ದಿನಾ ಫೋನಿನಲ್ಲಿ ಒಂದು ಗಂಟೆ ಮಾತಾಡದಿದ್ದರೆ ಊಟ ಸೇರ್ತಿರಲಿಲ್ಲ. ದೊಡ್ಡಮ್ಮನಿಗೆ ಕಿವಿ ಮಂದ ಆಗ್ತಾ ಬಂತು, ಹೋದ ವರ್ಷ ಪೂರ್ತಿ ಹೋಯ್ತು. ಮಿಷನ್ನು ಹಾಕಿಸಿದರೂ ಫೋನಿನ ಮಾತು ತಿಳಿಯೋದಿಲ್ಲ. ಕಣ್ಣು ಮಾತ್ರ ಚುರುಕು, ಪೇಪರನ್ನ ಮೊದಲನೇ ಪುಟದಿಂದ ಕೊನೇ ಪುಟದ ತನಕ ಓದ್ತಾರೆ. ಹಾಗಾಗಿ ಉಳಿದಿದ್ದು ವಾಟ್ಸಾಪ್ ಮೆಸೇಜು ಒಂದೇ.

ನಾನು ಅಮ್ಮನಿಗೆ ಹೊಸ ಫೋನು ತಂದು, ಕನ್ನಡ ಕೀಬೋರ್ಡು ಹಾಕಿಕೊಟ್ಟೆ. "ಇದರಲ್ಲಿ ಅಆಇಈ ಎಲ್ಲ ಇದೆ, ಒತ್ತಿದ್ರೆ ಬರುತ್ತೆ" ಅಂದೆ. ಎರಡು ದಿನ ಕೂತು ನೋಡಿದರು. "ಕಷ್ಟ ಕಣೋ, ಬರ್ತಿಲ್ಲ" ಅಂದರು. ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೇ, "ಕಷ್ಟ ಏನಿಲ್ಲಮ್ಮ, ಮನಸ್ಸು ಮಾಡಬೇಕು ಅಷ್ಟೇ" ಅಂದೆ. ಆಮೇಲೆ ಅವರು ಕೇಳಲಿಲ್ಲ, ನಾನೂ ವಿಚಾರಿಸಲಿಲ್ಲ. ಬಂದಿರಬೇಕು ಅಂದುಕೊಂಡೆ.

ಟ್ರೈನಿಂಗ್ ಆದ ವಾರ ಕರೆಂಟು ಬಿಲ್ಲು ಹುಡುಕ್ತಾ ಟೀವಿ ಕೆಳಗಿನ ಡ್ರಾಯರ್ ತೆಗೆದೆ. ಹಳೇ ಕ್ಯಾಲೆಂಡರಿನ ಹಾಳೆಗಳು, ಹಿಂದುಗಡೆ ಅಮ್ಮನ ಅಕ್ಷರ. "ಅಕ್ಕ, ಹೇಗಿದ್ದೀಯ. ಮಂಡಿ ನೋವು ಪರವಾಗಿಲ್ಲ. ಇಲ್ಲಿ ಅವರೆಕಾಯಿ ಬಂದಿದೆ, ನಿನ್ನ ಕೈಯ ಹಿತಕಿದಬೇಳೆ ಸಾರು ನೆನಪಾಯ್ತು." ಹೀಗೇ. ಒಂದೊಂದಕ್ಕೂ ತಾರೀಕು ಹಾಕಿದ್ದರು. ಕೇಳಿದರೆ, ಮೊದಲು ಬರೆದು ಮಹಡಿ ಮನೆಯ ಹುಡುಗಿ ಕೈಲಿ ಟೈಪ್ ಮಾಡಿಸಿ ಕಳಿಸ್ತಿದ್ದರಂತೆ. ಅವರು ಮನೆ ಖಾಲಿ ಮಾಡಿ ಹೋದರು. ಆಮೇಲೆ ಬರೆದಿದ್ದೆಲ್ಲ ಡ್ರಾಯರ್ ಸೇರಿತು. ಎಂಟು ತಿಂಗಳು. ದೊಡ್ಡಮ್ಮನ ಕಡೆಯಿಂದ ದಿನಾ "ಯಾಕೆ ಸುದ್ದಿ ಇಲ್ಲ" ಅಂತ ಬರೋದು (ಅಲ್ಲಿ ಮೊಮ್ಮಗ ಟೈಪ್ ಮಾಡಿಕೊಡ್ತಾನೆ), ಇವರು ಒಂದು ಹೆಬ್ಬೆಟ್ಟಿನ ಚಿತ್ರ ಕಳಿಸೋದು.

"ನನಗೆ ಯಾಕಮ್ಮ ಹೇಳಲಿಲ್ಲ?" ಅಂದೆ.

"ನಿನಗೆ ಹೇಳಿದ್ರೆ ಮನಸ್ಸು ಮಾಡು ಅಂತೀಯ. ಮನಸ್ಸು ಮಾಡೇ ಇದೀನಪ್ಪ, ಇನ್ನೆಷ್ಟು ಮಾಡ್ಲಿ" ಅಂದರು.

ಏನು ಹೇಳಲಿ... ಆವತ್ತು ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ ಪಕ್ಕ ಕೂತೆ. ಆಫೀಸಿನಲ್ಲಿ ಬಗ್ ಬಂದಾಗ ಮಾಡೋ ಮೊದಲ ಕೆಲಸ ಅದನ್ನ ಕಣ್ಣಾರೆ ನೋಡೋದು. ಯಾವ ಹೆಜ್ಜೆಯಲ್ಲಿ ಕೈ ಕೊಡುತ್ತೆ ಅಂತ. ಕಸ್ಟಮರ್ ಒಬ್ಬ "ಬರ್ತಿಲ್ಲ" ಅಂದರೆ "ನಿಮ್ಮ ಮನಸ್ಥಿತಿ ಬದಲಾಯಿಸಿಕೊಳ್ಳಿ" ಅಂತ ಟಿಕೆಟ್ ಮುಚ್ಚೋಕಾಗುತ್ತಾ? ಅಮ್ಮನಿಗೆ ಹೇಳಿದೆ, "ನಾನು ಮಾತಾಡಲ್ಲ, ನೀನು ಬರಿ, ನಾನು ನೋಡ್ತೀನಿ."

ಮೊದಲ ಪದವೇ "ಅಕ್ಕ". ಅ ಒತ್ತಿದರು, ಬಂತು. ಕ ಒತ್ತಿದರು, ಬಂತು. ಆಮೇಲೆ ಬೆರಳು ಗಾಳಿಯಲ್ಲಿ ನಿಂತುಬಿಡ್ತು. ಕೀಬೋರ್ಡಿನ ಈ ತುದಿಯಿಂದ ಆ ತುದಿಗೆ ಕಣ್ಣು ಓಡ್ತಾ ಇದೆ. ಏನು ಹುಡುಕ್ತಿದೀಯ ಅಂತ ಕೇಳಿದೆ.

"ಕ ಒತ್ತು ಎಲ್ಲಿದೆ?"

ನಾನು ಒಂದು ನಿಮಿಷ ದಂಗಾದೆ. ಹೌದಲ್ವಾ! ಒತ್ತಿಗೆ ಕೀಲಿಯೇ ಇಲ್ಲ. ಅಮ್ಮ ಐವತ್ತು ವರ್ಷದಿಂದ ಬರೀತಿರೋ ರೀತಿಯಲ್ಲಿ ಅಕ್ಕ ಅಂದರೆ ಅ, ಆಮೇಲೆ ಪೂರ್ತಿ ಕ, ಆಮೇಲೆ ಅದರ ಕೆಳಗೆ ಕ ಒತ್ತು. ಅಕ್ಕಿ ಅಂದರೆ ಅ, ಕಿ, ಆಮೇಲೆ ಒತ್ತು. ಫೋನು ಕೇಳೋದೇ ಬೇರೆ. ಅ, ಕ, ಅರ್ಧಾಕ್ಷರದ ಗುರುತು (್), ಮತ್ತೆ ಕ, ಕೊನೆಗೆ ಗುಡಿಸು. ಒತ್ತು ಅನ್ನೋ ಪದಾರ್ಥವೇ ಅದಕ್ಕೆ ಗೊತ್ತಿಲ್ಲ, ಅರ್ಧ ಮಾಡಿದ ಅಕ್ಷರಕ್ಕೆ ಇನ್ನೊಂದು ಅಕ್ಷರ ಅಂಟಿಸಿದರೆ ತಾನೇ ಒತ್ತು ಮಾಡಿಕೊಳ್ಳುತ್ತೆ. ಆ ್ ಕೀಲಿಯನ್ನ ಅಮ್ಮ ನೋಡಿದ್ದರು. "ಅದು ಬಸ್, ಕಾರ್ ಅಂತ ಬರೆಯೋದಕ್ಕಲ್ವಾ? ಅಕ್ಕದಲ್ಲಿ ಕ ಪೂರ್ತಿ ಇದೆಯಲ್ಲ, ಅದನ್ಯಾಕೆ ಕತ್ತರಿಸಲಿ?" ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬರವಣಿಗೆಯ ಲೆಕ್ಕದಲ್ಲಿ ಅವರು ಹೇಳಿದ್ದೇ ಸರಿ.

ಎಂಟು ತಿಂಗಳು ಅಕ್ಕ ತಂಗಿಯ ಮಾತು ನಿಂತಿದ್ದು ಈ ಒಂದು ಕೀಲಿಗಾಗಿ. ಅದೂ "ಅಕ್ಕ" ಅನ್ನೋ ಪದದಲ್ಲೇ.

ನಿಮ್ಮಲ್ಲಿ ಹಲವರಿಗೆ ಇದರ ಹಿನ್ನೆಲೆ ಗೊತ್ತಿದೆ, ಆದರೂ ಬರೀತೀನಿ, ಯಾಕಂದ್ರೆ ನನ್ನ ವಾದಕ್ಕೆ ಬೇಕು. ಕನ್ನಡ ಅಕ್ಷರಗಳನ್ನ ಯಂತ್ರಕ್ಕೆ ಹತ್ತಿಸೋದು ನಿಜಕ್ಕೂ ಕಷ್ಟದ ಕೆಲಸವಾಗಿತ್ತು. 34 ವ್ಯಂಜನ, 13 ಸ್ವರ ಇಟ್ಟುಕೊಂಡರೆ ಕಾಗುಣಿತಕ್ಕೇ 442 ರೂಪ. ಒಂದೊಂದಕ್ಕೂ ಒಂದು ಒತ್ತು ಸೇರಿಸಿದರೆ 34 ಇಂಟು 34 ಇಂಟು 13, ಅಂದರೆ 15,028. ಎಲ್ಲ ಬಳಕೆಯಲ್ಲಿಲ್ಲ ಬಿಡಿ, ಆದರೂ ಇಷ್ಟಕ್ಕೆ ಕೀಲಿ ಎಲ್ಲಿಂದ ತರೋದು? ಟೈಪ್‌ರೈಟರ್ ಕಾಲದಲ್ಲಿ ಅಕ್ಷರವನ್ನ ಚೂರು ಮಾಡಿ, ಚೂರುಗಳನ್ನ ಜೋಡಿಸಿ ಹೇಗೋ ನಿಭಾಯಿಸಿದರು. ಕಂಪ್ಯೂಟರಿಗೆ ಸಲೀಸಾದ ದಾರಿ ತೋರಿಸಿದವರು ಕೆ. ಪಿ. ರಾವ್. ಮಂಗಳೂರು ಹತ್ತಿರದ ಕಿನ್ನಿಕಂಬಳದವರು. ಅವರು ಕಣ್ಣಿನ ಲೆಕ್ಕ ಬಿಟ್ಟು ಕಿವಿಯ ಲೆಕ್ಕ ಹಿಡಿದರು. ಕನ್ನಡವನ್ನ ಬರೆದ ಆಕಾರದಲ್ಲಿ ನೋಡಬೇಡಿ, ಉಚ್ಚಾರದ ಕ್ರಮದಲ್ಲಿ ನೋಡಿ. ಆಗ ಬೇಕಾಗೋದು 13 ಸ್ವರ, ಅನುಸ್ವಾರ, ವಿಸರ್ಗ, 34 ವ್ಯಂಜನ, ಕೂಡಿಸೋಕೆ ಒಂದು ಕೀಲಿ. ಒಟ್ಟು 50. ಇಂಗ್ಲಿಷ್ ಕೀಬೋರ್ಡಿನ 26 ಅಕ್ಷರಗಳಿಗೆ ಶಿಫ್ಟ್ ಸೇರಿದರೆ 52 ಜಾಗ. ಸರಿಯಾಗಿ ಕೂತುಬಿಡ್ತು! ಆ ಕೂಡಿಸೋ ಕೀಲಿಯೇ ‘ಎಫ್’. ನುಡಿ ಬಳಸಿದವರಿಗೆ ಕೈ ತನ್ನಷ್ಟಕ್ಕೆ ಅಲ್ಲಿಗೆ ಹೋಗುತ್ತೆ.

ಅದಾದ ಮೇಲೂ ಕಷ್ಟ ಮುಗಿದಿರಲಿಲ್ಲ. 1991ರಲ್ಲಿ ಯೂನಿಕೋಡ್ ಬಂತು, ಅದರಲ್ಲಿ ಕನ್ನಡಕ್ಕೆ ಜಾಗವೂ ಸಿಕ್ತು. ಆದರೆ ಸಂಕೇತ ಇದ್ದರೆ ಸಾಕಾ? ತೆರೆಯ ಮೇಲೆ ಅಕ್ಷರ ಸರಿಯಾಗಿ ಜೋಡಣೆಯಾಗಬೇಕು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಆಮೇಲೆ ಗಣಕ ಪರಿಷತ್ತಿನ ನುಡಿ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟು. ಫೋನುಗಳಲ್ಲಿ ಇನ್ನೂ ತಡ. ನಾನು ಹೈಸ್ಕೂಲಿನಲ್ಲಿದ್ದಾಗ ಚಿಕ್ಕಪ್ಪನ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಅಂದರೆ ಸಾಲು ಸಾಲು ಖಾಲಿ ಡಬ್ಬ. 2012ರಲ್ಲಿ ಬಂದ 4.1ನೇ ಆವೃತ್ತಿಯ ಮೇಲೆ ಸರಿಹೋಯ್ತು. ಇನ್ನು ‘ಸೂರ್ಯ’ದ ರ್ಯ ಬೇರೆ, ‘ರ‍್ಯಾಂಕ್’ನ ರ‍್ಯ ಬೇರೆ ಅಂತ ಯಂತ್ರಕ್ಕೆ ತಿಳಿಸೋಕೆ ಕಣ್ಣಿಗೆ ಕಾಣದ ಒಂದು ಅಂಟು ಸಂಕೇತವನ್ನೇ ನಡುವೆ ಇಡಬೇಕಾಯ್ತು. ಇವತ್ತಿಗೂ ಎಷ್ಟೋ ಪತ್ರಿಕೆಗಳ ಜಾಲತಾಣಗಳಲ್ಲಿ ರ್ಯಾಂಕ್ ಅಂತ ತಪ್ಪಾಗಿ ಕಾಣೋದು ಅದನ್ನ ಮರೆತಾಗಲೇ.

ನಾನು ಹೇಳಬೇಕಂತಿದ್ದಿದ್ದು ಇದು. ಕಂಪ್ಯೂಟರಿಗೆ ಕನ್ನಡ ಕಷ್ಟವಾದಾಗ ಯಾರೂ ಅದಕ್ಕೆ ಮೈಂಡ್‌ಸೆಟ್ ಪಾಠ ಮಾಡಲಿಲ್ಲ. ಎಲ್ಲಿ ಕಷ್ಟ, ಯಾವ ಅಕ್ಷರದಲ್ಲಿ ಕಷ್ಟ ಅಂತ ಹುಡುಕಿ, ಒಂದೊಂದಾಗಿ ತಿದ್ದಿದರು. ಹತ್ತಾರು ವರ್ಷ ತಾಳ್ಮೆಯಿಂದ. ಅದೇ ಮನುಷ್ಯರಿಗೆ, ಅದೂ ನಮ್ಮ ಮನೆಯವರಿಗೇ ಕಷ್ಟ ಆದಾಗ, ನೋಡೋ ಮೊದಲೇ ಔಷಧಿ ಚೀಟಿ ಬರೆದುಬಿಡ್ತೀವಿ.

ಇದಕ್ಕೆ ನಮ್ಮ ಭಾಷೆಯೂ ಸ್ವಲ್ಪ ಕಾರಣವೇನೋ ಅಂತ ಅನುಮಾನ. ಲೆಕ್ಕ ಕಷ್ಟ ಅನ್ನೋದಕ್ಕೂ ಕಷ್ಟ, ಮನೆಯಲ್ಲಿ ಕಷ್ಟ ಅನ್ನೋದಕ್ಕೂ ಕಷ್ಟ. ಕಷ್ಟಪಟ್ಟು ಓದು ಅಂತೀವಿ, ಕಷ್ಟ ಸುಖ ಮಾತಾಡೋಣ ಬಾ ಅಂತೀವಿ. ಹಾಗಾಗಿ ಯಾರಾದರೂ "ಕಷ್ಟ" ಅಂದ ಕೂಡಲೇ ನಮಗೆ ಗೋಳು ಕೇಳಿಸುತ್ತೆ, ಸಮಾಧಾನ ಹೇಳೋಕೆ ಶುರು ಮಾಡ್ತೀವಿ. ತೊಡಕು ಎಲ್ಲಿದೆ ಅಂತ ಕೇಳೋದು ಹೊಳೆಯೋದೇ ಇಲ್ಲ. ಅಮ್ಮ "ಕಷ್ಟ ಕಣೋ" ಅಂದಾಗ ಅವರು ಗೋಳಾಡಲಿಲ್ಲ, ಬಗ್ ರಿಪೋರ್ಟ್ ಕೊಟ್ಟಿದ್ದರು. ನಾನು ಓದಲಿಲ್ಲ.

ನನಗೂ ಇದೇ ಆಗಿತ್ತು, ಅದನ್ನ ಮರೆತಿದ್ದೆ ನೋಡಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಪಿಯುಸಿಯಲ್ಲಿ ಸೈನ್ಸು, ಎಲ್ಲ ಇಂಗ್ಲಿಷು. ಮೊದಲ ತಿಂಗಳ ಟೆಸ್ಟಿನಲ್ಲಿ ಫಿಸಿಕ್ಸ್ 50ಕ್ಕೆ 9. ಲೆಕ್ಚರರ್ ಒಬ್ಬರು ಎಲ್ಲರೆದುರು, "ನಿಮ್ಮಂಥವರಿಗೆ ಕಾನ್ಫಿಡೆನ್ಸ್ ಇಲ್ಲ, ಅದೇ ಪ್ರಾಬ್ಲಂ" ಅಂದರು. ಕಾನ್ಫಿಡೆನ್ಸು ಇತ್ತು ಸ್ವಾಮಿ, ಅವರು ಇನರ್ಷಿಯಾ ಅಂತಿದ್ದದ್ದು ನಮ್ಮ ಜಡತ್ವ ಅಂತ ಗೊತ್ತಿರಲಿಲ್ಲ, ಅಷ್ಟೇ. ಅಕ್ಸಿಲರೇಷನ್ ಅಂದರೆ ವೇಗೋತ್ಕರ್ಷ, ಮೊಮೆಂಟಮ್ ಅಂದರೆ ಸಂವೇಗ. ಹಾಸ್ಟೆಲಿನ ಸೀನಿಯರ್ ಒಬ್ಬ ಒಂದು ನೋಟ್‌ಬುಕ್ಕಿನಲ್ಲಿ ಮಧ್ಯೆ ಗೆರೆ ಎಳೆದು, ಎಡಕ್ಕೆ ಇಂಗ್ಲಿಷು ಬಲಕ್ಕೆ ಕನ್ನಡ ಬರೆದಿಟ್ಟಿದ್ದ. ಅದನ್ನ ಕೊಟ್ಟ. ದೀಪಾವಳಿ ಹೊತ್ತಿಗೆ ನಾನು ಪಾಸು. ನನ್ನ ಜೊತೆ ಊರಿಂದ ಬಂದಿದ್ದ ಇನ್ನೊಬ್ಬ, ಲೆಕ್ಕದಲ್ಲಿ ನನಗಿಂತ ಜಾಣ, ಆ ನೋಟ್‌ಬುಕ್ಕು ಅವನ ಕೈಗೆ ಸಿಗೋ ಮೊದಲೇ ಟೀಸಿ ತಗೊಂಡು ಹೋಗಿದ್ದ. ತನ್ನ ತಲೆಗೆ ಸೈನ್ಸು ಹತ್ತಲ್ಲ ಅಂತ ಅವನು ಇವತ್ತಿಗೂ ನಂಬಿದಾನೆ. ಮೈಂಡ್‌ಸೆಟ್ ಮಾತಿನಲ್ಲಿ ನನಗೆ ಸಿಟ್ಟು ಬರಿಸೋದು ಇದೇ. ನೆಲದ ಡೊಂಕನ್ನ ತೆಗೆದು ಮನುಷ್ಯನ ಮೈಗೆ ಅಂಟಿಸಿಬಿಡುತ್ತೆ.

ಹಾಗಂತ ಮನಸ್ಸಿಗೆ ಪಾತ್ರವೇ ಇಲ್ಲ ಅಂತ ಬರೆದರೆ ಅದು ಸುಳ್ಳು. ಕರೋಲ್ ಡ್ವೆಕ್ ಅನ್ನೋ ಮನಶ್ಶಾಸ್ತ್ರಜ್ಞೆಯ ‘ಮೈಂಡ್‌ಸೆಟ್’ ಪುಸ್ತಕ 2006ರದ್ದು, ಈ ಟ್ರೈನಿಂಗುಗಳ ಮೂಲ ಬಂಡವಾಳ ಅದೇ. 2019ರಲ್ಲಿ ನೇಚರ್ ಪತ್ರಿಕೆಯಲ್ಲಿ ಅಮೆರಿಕದ ಒಂಬತ್ತನೇ ಕ್ಲಾಸಿನ ಸುಮಾರು 12 ಸಾವಿರ ಮಕ್ಕಳ ಮೇಲೆ ಮಾಡಿದ ಅಧ್ಯಯನ ಬಂತು, ಡ್ವೆಕ್ ಕೂಡ ಅದರಲ್ಲಿದ್ದರು. ಬುದ್ಧಿ ಬೆಳೆಸಿಕೊಳ್ಳಬಹುದಾದದ್ದು ಅಂತ ಒಂದು ಗಂಟೆಗೂ ಕಡಿಮೆ ಹೊತ್ತಿನ ಆನ್‌ಲೈನ್ ಪಾಠ ಕೊಟ್ಟರು. ಹಿಂದುಳಿದ ಮಕ್ಕಳ ಗ್ರೇಡು ಏರಿತು, ನಿಜ. ಎಷ್ಟು? 0.10 ಅಂಕ, ನಾಲ್ಕರ ಅಳತೆಗೋಲಿನಲ್ಲಿ. ಒಂದು ಗಂಟೆಯ ಖರ್ಚಿಗೆ ಅದೇನು ಕಡಿಮೆ ಲಾಭ ಅಲ್ಲ. ಆದರೆ ಪರದೆಯ ಮೇಲೆ ಹಾಕಿದ ಬೆಟ್ಟದ ಮುಂದೆ 0.10 ಎಷ್ಟು ದೊಡ್ಡದು ನೀವೇ ಹೇಳಿ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ನನ್ನ ಕಾಲೇಜು ಗುಂಪಿನಲ್ಲಿ ಮೂವತ್ತು ಜನ ಕನ್ನಡಿಗರಿದ್ದೀವಿ. ಒಬ್ಬನೂ ಕನ್ನಡ ಲಿಪಿಯಲ್ಲಿ ಬರೆಯಲ್ಲ, ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ. ‘ಹಾಡು’ ಬರೆದನಾ ‘ಹಾದು’ ಬರೆದನಾ ಗೊತ್ತಾಗಲ್ಲ. ಕೇಳಿದರೆ "ಕನ್ನಡ ಟೈಪಿಂಗ್ ಕಷ್ಟ ಮಗಾ". ಇಲ್ಲ, ಈಗ ಕಷ್ಟ ಅಲ್ಲ. ಇಂಗ್ಲಿಷ್ ಅಕ್ಷರ ಒತ್ತಿದರೂ ಕನ್ನಡ ಮಾಡಿಕೊಡುತ್ತೆ, ಮಾತಾಡಿದರೂ ಬರೆದುಕೊಳ್ಳುತ್ತೆ. ಇವರಿಗೆ ಕೀಲಿ ಸಿಗದೇ ನಿಂತಿದ್ದಲ್ಲ, ಹುಡುಕಿಯೇ ಇಲ್ಲ. ಇಲ್ಲಿ ಬೇಕಾದರೆ ಟ್ರೈನಿಂಗಿನವರನ್ನ ಕರೆಸೋಣ. :-) ಅಮ್ಮನೂ "ಕಷ್ಟ" ಅಂದರು, ಇವರೂ "ಕಷ್ಟ" ಅಂತಾರೆ. ಪದ ಒಂದೇ ಆದ್ದರಿಂದ ದೂರದಿಂದ ವ್ಯತ್ಯಾಸ ಗೊತ್ತಾಗಲ್ಲ. ಪಕ್ಕದಲ್ಲಿ ಕೂತು ಬೆರಳು ಎಲ್ಲಿ ನಿಲ್ಲುತ್ತೆ ಅಂತ ನೋಡಿದರೆ ಐದು ನಿಮಿಷಕ್ಕೆ ಗೊತ್ತಾಗುತ್ತೆ.

ಅಮ್ಮನಿಗೆ ಕೊನೆಗೆ ಹೇಗೆ ಹೇಳಿಕೊಟ್ಟೆ ಅಂದರೆ, "ಕತ್ತರಿಸೋದು ಅಂದುಕೋಬೇಡ, ಆ ಕೀಲಿ ಅಂಟು ಅಂದುಕೋ. ಕ, ಅಂಟು, ಕ." ಒಂದು ಸಲ ಒತ್ತಿದರು. ತೆರೆಯ ಮೇಲೆ ‘ಅಕ್ಕ’ ಬಂತು. ಕನ್ನಡಕ ಮೇಲೆ ಸರಿಸಿ, ಹತ್ತಿರ ಹಿಡಿದು ನೋಡಿದರು. ಆಮೇಲೆ ಅಪ್ಪ, ಅಮ್ಮ, ಅಜ್ಜಿ, ಕತ್ತೆ, ಬೆಕ್ಕು ಅಂತ ಒಂದನೇ ಕ್ಲಾಸಿನ ಪಾಠದ ಹಾಗೆ ಎಲ್ಲ ಬರೆದರು. ಹತ್ತೂವರೆಗೆ ಮಲಗೋರು ಹನ್ನೆರಡರ ತನಕ ಕೂತಿದ್ದರು. ಡ್ರಾಯರಿನ ಹಾಳೆಗಳನ್ನ ತೆಗೆದು, ತಾರೀಕಿನ ಪ್ರಕಾರ, ಒಂದೊಂದೇ ಟೈಪ್ ಮಾಡಿ ಕಳಿಸಿದರು. ಅವರೆಕಾಯಿ ಕಾಲ ಮುಗಿದು ಎಷ್ಟೋ ತಿಂಗಳಾಗಿತ್ತು, ಆದರೂ ಬಿಡಲಿಲ್ಲ.

ಅರ್ಕಾವತ್ತು ಮಾತ್ರ ಇನ್ನೂ ಬಗೆಹರಿದಿಲ್ಲ. ರ ಮೊದಲು ಒತ್ತಬೇಕು ಅಂದರೆ ಒಪ್ಪೋದೇ ಇಲ್ಲ, ಬರೆಯುವಾಗ ಅದು ಕೊನೆಗೆ ತಾನೇ ಬರೋದು ಅಂತಾರೆ. ತಾವೇ ಒಂದು ದಾರಿ ಕಂಡುಕೊಂಡಿದ್ದಾರೆ, ಕನ್ನಡದ ಒಂಬತ್ತು ಅಂಕಿ ಹಾಕಿ ‘ಧಮ೯ಸ್ಥಳ’ ಅಂತ. ಹೀಗೆ ಬರೆದರೆ ಗೂಗಲ್ಲಿಗೆ ಸಿಗಲ್ಲಮ್ಮ, ಅದು ಅಕ್ಷರ ಅಲ್ಲ ಅಂಕಿ ಅಂತ ಓದಿಕೊಳ್ಳುತ್ತೆ ಅಂದೆ. "ಗೂಗಲ್ಲು ಓದೋಕಲ್ಲ ಬರೀತಿರೋದು, ಅಕ್ಕ ಓದೋಕೆ" ಅಂದರು. ಸುಮ್ಮನಾದೆ.

ಮೊನ್ನೆ ಭಾನುವಾರ ಎದುರು ಮನೆ ಆಂಟಿ ಬಂದಿದ್ದರು. ಅಮ್ಮ ಪಟಪಟ ಅಂತ ಮೆಸೇಜು ಹಾಕೋದು ನೋಡಿ, "ಅಯ್ಯೋ ನಂಗೆ ಇದೆಲ್ಲ ಬರಲ್ಲಪ್ಪ, ಬಹಳ ಕಷ್ಟ" ಅಂದರು. ನಾನು ಒಳಗೆ ಕಾಫಿ ಸೋಸ್ತಾ ಇದ್ದೆ. ಅಮ್ಮ ಫೋನಿನಿಂದ ತಲೆ ಎತ್ತದೇ ಹೇಳಿದ್ದು ಕೇಳಿಸ್ತು.

"ಏನ್ ಕಷ್ಟಾರೀ, ಮನಸ್ಸು ಮಾಡ್ಬೇಕು ಅಷ್ಟೇ."

ಕಾಫಿ ಲೋಟ ಆಂಟಿ ಮುಂದೆ ಇಟ್ಟು, ಅವರ ಫೋನು ಕೇಳಿದೆ. "ಎಲ್ಲಿ ಆಂಟಿ, ಒಂದು ಪದ ಬರೀರಿ, ನೋಡ್ತೀನಿ" ಅಂದೆ. ಅವರು ಮೊಮ್ಮಗಳ ಹೆಸರು ಬರೆಯೋಕೆ ಶುರು ಮಾಡಿದರು. ಅವರ ಬೆರಳು ನಿಂತಿದ್ದು ಒತ್ತಿನ ಹತ್ತಿರ ಅಲ್ಲ, ಅದಕ್ಕೂ ಮೊದಲೇ. ಅವರ ಫೋನಿನಲ್ಲಿ ಕನ್ನಡ ಕೀಬೋರ್ಡೇ ಹಾಕಿರಲಿಲ್ಲ.